ಮದೀರಾದ ಲೆವಾಡಾ ಹಾದಿಗಳು

ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ ಬೆಟ್ಟಗಳಲ್ಲಿ, ನೀರಾವರಿ ಕಾಲುವೆಗಳ ಅಂಚಿಗೆ ಸಾಗುವ ಕಾಲುದಾರಿಗಳು. ಕಾಲುವೆಗೆ ಅಲ್ಲಿ ಲೆವಾಡಾ ಎಂದು ಹೆಸರು. ಇಂದು ಇವು ಜಗತ್ತಿನ ಚಾರಣಿಗರನ್ನು ಸೆಳೆಯುತ್ತಿದ್ದರೂ ಹುಟ್ಟಿದ್ದು ವಿಹಾರಕ್ಕಲ್ಲ, ಹೂಳೆತ್ತಲು, ಬಿರುಕು ಮುಚ್ಚಲು, ನೀರು ತಿರುಗಿಸಲು ಓಡಾಡುವವರಿಗಾಗಿ. ಹಾದಿ ಇಷ್ಟು ಕಿರಿದಾಗಿರುವುದಕ್ಕೂ, ಕಡಿದಾದ ಬೆಟ್ಟದಲ್ಲಿ ಹತ್ತಿಳಿತವಿಲ್ಲದೆ ಸಾಗುವುದಕ್ಕೂ ನೀರೇ ಕಾರಣ.

ಮದೀರಾ ಸಮುದ್ರತಳದಿಂದ ಎದ್ದ ಜ್ವಾಲಾಮುಖಿಯ ತುದಿ. ಸುಮಾರು 740 ಚ.ಕಿ.ಮೀ. ವಿಸ್ತೀರ್ಣದ ಈ ಪುಟ್ಟ ನೆಲದ ನಡುವೆ 1,862 ಮೀ. ಎತ್ತರದ ಪೀಕೊ ರುಯಿವೊ ನಿಂತಿದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಈ ಬೆಟ್ಟಸಾಲಿಗೆ ಬಡಿದು ತೇವದ ಬಹುಪಾಲನ್ನು ಉತ್ತರದ ಇಳಿಜಾರಿನಲ್ಲೇ ಇಳಿಸಿಬಿಡುತ್ತವೆ. ಮಳೆ ಮಾತ್ರವಲ್ಲ, ಎಲೆಗಳಿಗೆ ತಗುಲಿದ ಮಂಜೂ ಹನಿಯಾಗಿ ನೆಲ ಸೇರುತ್ತದೆ. ಈ ನೀರು ರಂಧ್ರಮಯ ಜ್ವಾಲಾಮುಖಿ ಶಿಲೆಯೊಳಗೆ ಇಂಗಿ, ನೀರು ಬಿಡದ ಪದರ ಎದುರಾದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಆದರೆ ಬಿಸಿಲು ಬೀಳುವ, ಬೆಳೆಗೆ ಒಗ್ಗುವ ಭೂಮಿ ಇರುವುದು ದಕ್ಷಿಣದಲ್ಲಿ. ಉತ್ತರದ ನೀರನ್ನು ದಕ್ಷಿಣದ ಹೊಲಕ್ಕೆ ಮುಟ್ಟಿಸುವುದೇ ಲೆವಾಡಾಗಳ ಕೆಲಸ.

ಪೋರ್ಚುಗೀಸರು ಇಲ್ಲಿ ನೆಲೆಯೂರಿದ 15ನೇ ಶತಮಾನದಲ್ಲೇ ಕಬ್ಬಿಗಾಗಿ ಕಾಲುವೆ ತೋಡುವ ಕೆಲಸ ಶುರುವಾಯಿತು. ಈ ದುಡಿಮೆಯಲ್ಲಿ ಆಫ್ರಿಕಾದಿಂದ ತಂದ ಗುಲಾಮರ ಪಾಲು ದೊಡ್ಡದು. ಪ್ರಪಾತದ ಮೈಯಲ್ಲಿ ಹಗ್ಗಕ್ಕೆ ಜೋತುಬಿದ್ದು ಬಂಡೆ ಕಡಿದವರ ಹೆಸರುಗಳು ಹೆಚ್ಚಾಗಿ ಎಲ್ಲೂ ದಾಖಲಾಗಿಲ್ಲ. ಹಾದಿಯ ಸೊಬಗನ್ನು ಹೊಗಳುವಾಗ ಇದನ್ನು ಮರೆಯುವುದು ಅನ್ಯಾಯ. 20ನೇ ಶತಮಾನದ ನಡುಭಾಗದಲ್ಲಿ ಸರ್ಕಾರ ದೊಡ್ಡ ಲೆವಾಡಾಗಳನ್ನು ಕಟ್ಟಿ, ಅದೇ ನೀರಿನಿಂದ ವಿದ್ಯುತ್ತನ್ನೂ ತೆಗೆಯತೊಡಗಿತು. ಇಡೀ ಜಾಲದ ಉದ್ದ 2,000 ಕಿ.ಮೀ.ಗೂ ಹೆಚ್ಚೆಂಬುದು ರೂಢಿಯ ಲೆಕ್ಕ. ಸರದಿಯ ಪ್ರಕಾರ ರೈತರಿಗೆ ನೀರು ಹಂಚುವ ಲೆವಾದೈರೊ ನಮ್ಮ ಕೆರೆಬಯಲಿನ ನೀರುಗಂಟಿಯಂತೆಯೇ ಊರಿನ ಮುಖ್ಯ ವ್ಯಕ್ತಿ.

ಉತ್ತರದ ಹಾದಿಗಳು ಹಾಯುವ ಲೌರಿಸಿಲ್ವಾ ಕಾಡಿನ ಸುಮಾರು 15,000 ಹೆಕ್ಟೇರ್ ಪ್ರದೇಶವನ್ನು ಯುನೆಸ್ಕೊ 1999ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲಕ್ಕೆ ದಕ್ಷಿಣ ಯೂರೋಪನ್ನೂ ಆವರಿಸಿದ್ದ ಬಗೆಯ ಕಾಡು ಇದು. ಅಲ್ಲಿ ಹವೆ ಬದಲಾದಾಗ ಅಳಿದು ಮದೀರಾದಂಥ ಅಟ್ಲಾಂಟಿಕ್ ದ್ವೀಪಗಳಲ್ಲಿ ಉಳಿಯಿತು. ಇಲ್ಲಿನ ಟಿಲ್, ವಿನ್ಯಾಟಿಕೊ ಮರಗಳು ದಾಲ್ಚಿನ್ನಿಯ ಕುಟುಂಬಕ್ಕೇ ಸೇರಿದವು. ದ್ವೀಪಕ್ಕೇ ಸೀಮಿತವಾದ ಟ್ರೊಕಾಜ್ ಪಾರಿವಾಳ ಇವುಗಳ ಹಣ್ಣು ತಿಂದು ಬದುಕುತ್ತದೆ.

ಸಾಂತಾನಾ ಊರಿನ ಮೇಲಿನ ಕಾಲ್ದೈರಾವೊ ವೆರ್ದೆ ಹಾದಿ ಲೆವಾಡಾ ನಡಿಗೆಯ ಸಾರವನ್ನೆಲ್ಲ ಒಂದೆಡೆ ತೋರಿಸುತ್ತದೆ: ಒಂದು ಪಕ್ಕ ಜರಿಗಿಡ ತುಂಬಿದ ಬಂಡೆ, ಇನ್ನೊಂದು ಪಕ್ಕ ಕಣಿವೆ, ನಡುವೆ ಟಾರ್ಚ್ ಇಲ್ಲದೆ ದಾಟಲಾಗದ ಸುರಂಗಗಳು, ಕೊನೆಗೆ ಹಸಿರು ಕೊಳಕ್ಕೆ ಧುಮುಕುವ ಜಲಪಾತ. ರಬಾಸಾಲ್ ಬಳಿಯ ಇಪ್ಪತ್ತೈದು ಬುಗ್ಗೆಗಳ ಹಾದಿಯಲ್ಲಿ ಜನಸಂದಣಿ ಹೆಚ್ಚು.

ಎಲ್ಲ ಹಾದಿಗಳೂ ಕಾಲುವೆಯ ಜೊತೆಗಿಲ್ಲ. ವೆರೆದಾ ಎನ್ನುವ ಬೆಟ್ಟದ ದಾರಿಗಳಲ್ಲಿ ಪೀಕೊ ದೊ ಅರಿಯೈರೊದಿಂದ ಪೀಕೊ ರುಯಿವೊವರೆಗಿನದು ಹೆಸರುವಾಸಿ. ಸುಮಾರು 7 ಕಿ.ಮೀ. ಮೆಟ್ಟಿಲು, ಸುರಂಗ, ಕತ್ತಿಯಂಚಿನ ಏಣುಗಳು. ಇದರ ಸುತ್ತಲಿನ ಬಂಡೆಚಾಚುಗಳಲ್ಲಿ ಜೀನೊ ಪೆಟ್ರೆಲ್ ಎಂಬ ಕಡಲಹಕ್ಕಿ ಗೂಡು ಮಾಡುತ್ತದೆ. ಅಳಿದೇಹೋಯಿತೆಂದು ಭಾವಿಸಿದ್ದ ಇದರ ಗೂಡುನೆಲೆ 1969ರಲ್ಲಿ ಮತ್ತೆ ಸಿಕ್ಕಿತು. ಪೂರ್ವ ತುದಿಯ ಸಾವೊ ಲೊರೆನ್ಸೊ ಭೂಶಿರದಲ್ಲಿ ಮರವೇ ಇಲ್ಲ; ಕೆಂಪು, ಹಳದಿ, ಕಪ್ಪು ಬೂದಿಪದರಗಳನ್ನು ಸೀಳಿ ನಿಂತ ಬಸಾಲ್ಟ್ ಗೋಡೆಗಳಲ್ಲಿ ದ್ವೀಪದ ಹುಟ್ಟನ್ನು ನೇರವಾಗಿ ಓದಬಹುದು.

ಮಳೆಗಾಲದ ಭೂಕುಸಿತವೂ ಬೇಸಿಗೆಯ ಬೆಂಕಿಯೂ ಈ ಹಾದಿಗಳನ್ನು ಆಗಾಗ ಮುಚ್ಚಿಸುತ್ತವೆ. 2010ರ ಫೆಬ್ರವರಿಯ ಪ್ರವಾಹ ಹಲವರ ಜೀವ ತೆಗೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಕಿ ಪೆಟ್ರೆಲ್‌ನ ಗೂಡುಗಳನ್ನು ಸುಟ್ಟು ಮರಿಗಳನ್ನು ಕೊಂದಿತು. 2024ರ ಆಗಸ್ಟ್‌ನ ಬೆಂಕಿ ನಡುಬೆಟ್ಟಗಳನ್ನು ಮತ್ತೆ ಮುಟ್ಟಿತು.