ಮೀಥೈಲ್ 2-ಆಕ್ಟಿನೊಯೇಟ್

ಮೀಥೈಲ್ 2-ಆಕ್ಟಿನೊಯೇಟ್ ಹಸಿರೆಲೆಯ ಪರಿಮಳವುಳ್ಳ ಒಂದು ಸಂಶ್ಲೇಷಿತ ಸುಗಂಧ ಸಂಯುಕ್ತ. ಸುಗಂಧದ್ರವ್ಯ ಉದ್ಯಮದಲ್ಲಿ ಇದು ಮೀಥೈಲ್ ಹೆಪ್ಟೈನ್ ಕಾರ್ಬೊನೇಟ್ ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಚರ್ಮದಲ್ಲಿ ಅಲರ್ಜಿ ಉಂಟುಮಾಡುವ ಪ್ರಬಲ ಗುಣವಿರುವುದರಿಂದ ಸೌಂದರ್ಯವರ್ಧಕಗಳಲ್ಲಿ ಇದರ ಬಳಕೆಯನ್ನು ಮಿತಿಗೊಳಿಸಲಾಗಿದೆ.

ಗುಣಗಳು ಮತ್ತು ಬಳಕೆ

ಇದರ ಅಣುವಿನಲ್ಲಿ 9 ಇಂಗಾಲ, 14 ಜಲಜನಕ ಮತ್ತು 2 ಆಮ್ಲಜನಕ ಪರಮಾಣುಗಳಿವೆ. ದುರ್ಬಲಗೊಳಿಸಿದಾಗ ವಯೋಲೆಟ್ ಗಿಡದ ಎಲೆ ಹಾಗೂ ಸೌತೆಕಾಯಿಯನ್ನು ಹೋಲುವ ವಾಸನೆ ಬೀರುತ್ತದೆ. ಈ ವಾಸನೆ ಅತಿ ತೀಕ್ಷ್ಣವಾದುದರಿಂದ ಸುಗಂಧ ಮಿಶ್ರಣಗಳಿಗೆ ಅತ್ಯಲ್ಪ ಪ್ರಮಾಣವೇ ಸಾಕಾಗುತ್ತದೆ.

ಚರ್ಮದ ಮೇಲಿನ ಪರಿಣಾಮ

ಅಣುವಿನಲ್ಲಿರುವ ಇಂಗಾಲ-ಇಂಗಾಲ ತ್ರಿಬಂಧವು ಎಸ್ಟರ್ ಗುಂಪಿಗೆ ಹೊಂದಿಕೊಂಡಿದೆ. ಈ ರಚನೆಯ ಕಾರಣ ಅಣುವು ಚರ್ಮದ ಪ್ರೋಟೀನುಗಳೊಂದಿಗೆ ಸುಲಭವಾಗಿ ಬಂಧಿಸಿಕೊಳ್ಳಬಲ್ಲದು. ಹೀಗೆ ಮಾರ್ಪಟ್ಟ ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆಯು ಅನ್ಯವಸ್ತುವೆಂದು ಗುರುತಿಸಿ ನೆನಪಿನಲ್ಲಿಡುತ್ತದೆ. ಮೊದಲ ಸಂಪರ್ಕದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣಿಸದು. ಅಲರ್ಜಿ ಬೆಳೆದ ನಂತರ ಅಲ್ಪ ಪ್ರಮಾಣ ತಗಲಿದರೂ ಒಂದೆರಡು ದಿನಗಳಲ್ಲಿ ತುರಿಕೆ, ಕೆಂಪಾಗುವಿಕೆ, ಕೆಲವೊಮ್ಮೆ ಗುಳ್ಳೆಗಳು ಕಾಣಿಸಿಕೊಳ್ಳಬಹುದು. ಇಂತಹ ಅಲರ್ಜಿ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ.

ನಿಯಂತ್ರಣ

ಐರೋಪ್ಯ ಒಕ್ಕೂಟವು 2003ರಲ್ಲಿ ಲೇಬಲಿನ ಮೇಲೆ ಪ್ರತ್ಯೇಕವಾಗಿ ಹೆಸರಿಸಬೇಕಾದ 26 ಸುಗಂಧ ಘಟಕಗಳನ್ನು ಗುರುತಿಸಿತು. ಅವುಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು ಇಂತಹ ಘಟಕಗಳನ್ನು 'ಪರ್ಫ್ಯೂಮ್' ಎಂಬ ಒಂದೇ ಪದದಡಿ ನಮೂದಿಸಬಹುದಿತ್ತು. ಚರ್ಮದ ಮೇಲೆ ಉಳಿಯುವ ಕ್ರೀಮ್‌ನಂತಹ ಉತ್ಪನ್ನಗಳಲ್ಲಿ ಶೇ. 0.001ಕ್ಕಿಂತ, ತೊಳೆದುಬಿಡುವ ಶಾಂಪೂವಿನಂತಹ ಉತ್ಪನ್ನಗಳಲ್ಲಿ ಶೇ. 0.01ಕ್ಕಿಂತ ಹೆಚ್ಚಿದ್ದರೆ ಹೆಸರು ನಮೂದಿಸುವುದು ಕಡ್ಡಾಯ.

ಬಳಕೆಯ ಗರಿಷ್ಠ ಮಿತಿ ಸಿದ್ಧ ಉತ್ಪನ್ನದ ಶೇ. 0.01, ಅಂದರೆ 100 ಗ್ರಾಂ ಕ್ರೀಮಿನಲ್ಲಿ 10 ಮಿಲಿಗ್ರಾಂ. ಇದೇ ಬಗೆಯ ಮೀಥೈಲ್ ಆಕ್ಟೈನ್ ಕಾರ್ಬೊನೇಟ್ ಜೊತೆಗಿದ್ದರೆ ಎರಡರ ಒಟ್ಟು ಪ್ರಮಾಣವೂ ಈ ಮಿತಿಯನ್ನು ಮೀರುವಂತಿಲ್ಲ. 2023ರ ನಿಯಮವು ಹೆಸರಿಸಬೇಕಾದ ಘಟಕಗಳ ಪಟ್ಟಿಯನ್ನು 80ಕ್ಕೂ ಹೆಚ್ಚು ನಮೂದುಗಳಿಗೆ ವಿಸ್ತರಿಸಿತು.

ಈ ಮಿತಿಗಳ ಮುಖ್ಯ ಉದ್ದೇಶ ಹೊಸದಾಗಿ ಅಲರ್ಜಿ ಬೆಳೆಯದಂತೆ ತಡೆಯುವುದು. ಈಗಾಗಲೇ ಅಲರ್ಜಿಯುಳ್ಳವರಿಗೆ ಮಿತಿಯೊಳಗಿನ ಪ್ರಮಾಣವೂ ತೊಂದರೆ ಕೊಡಬಹುದು.

ಪತ್ತೆ

ಅಲರ್ಜಿಯನ್ನು ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆಯಿಂದ ದೃಢಪಡಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಎರಡು ಪ್ರಮಾಣಿತ ಸುಗಂಧ ಮಿಶ್ರಣಗಳಲ್ಲಿ ಈ ಸಂಯುಕ್ತವಿಲ್ಲ. ಆದ್ದರಿಂದ ಆ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಾಣದಿದ್ದರೂ, ಸಂದೇಹವಿದ್ದಲ್ಲಿ ಇದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ. ಅಲರ್ಜಿ ಖಚಿತವಾದವರು ಲೇಬಲಿನಲ್ಲಿ ಈ ಹೆಸರಿರುವ ಉತ್ಪನ್ನಗಳನ್ನು ವರ್ಜಿಸುವುದೇ ಮುಖ್ಯ ಪರಿಹಾರ.