ಕಟ್ಟುವ ಮುನ್ನ ಕಾಣುವುದು

ಮನೆಯೊಂದನ್ನು ಕಟ್ಟಬೇಕೆಂದು ಸಂಕಲ್ಪಿಸಿದವರು ಮೊಟ್ಟಮೊದಲು ಕೈಗೆ ತೆಗೆದುಕೊಳ್ಳುವುದು ಕಾಗದವನ್ನು. ಇಲ್ಲಿ ಪಡಸಾಲೆ, ಇಲ್ಲಿ ಅಡಿಗೆಯ ಮನೆ, ಇಲ್ಲಿ ದೇವರ ಕೋಣೆ ಎಂದು ಗೆರೆಗಳನ್ನೆಳೆದು ಗೊತ್ತುಮಾಡುತ್ತಾರೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಮಳೆಯ ನೀರು ನಿವೇಶನದ ಯಾವ ಮೂಲೆಗೆ ಹರಿದು ನಿಲ್ಲುತ್ತದೆ ಎಂಬ ವಿಷಯಗಳು ಬಹುಮಟ್ಟಿಗೆ ಗೃಹಪ್ರವೇಶವಾದ ಮೇಲೆ ತಿಳಿದುಬರುತ್ತವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಏನನ್ನಾದರೂ ಯೋಜಿಸಿ ತರುವಂತೆ ಹೇಳಿದರೂ ಇದೇ ಕ್ರಮ. ಅವರು ಗ್ರಂಥವನ್ನು ತೆರೆಯುತ್ತಾರೆ. ಕಿಟಕಿಯನ್ನು ತೆರೆಯುವವರು ವಿರಳ. ಪಾಠ ಹೇಳುವ ನಾವೂ ಈ ದೋಷಕ್ಕೆ ಹೊರತಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ.

ನೋಡುವ ಶಕ್ತಿ ಹುಟ್ಟಿನಿಂದ ಬರತಕ್ಕದ್ದು, ಅದನ್ನು ಅಭ್ಯಾಸದಿಂದ ಸಂಪಾದಿಸಲಾಗದು ಎಂದು ಹಲವರು ಭಾವಿಸುವುದುಂಟು. ಈ ಭಾವನೆ ಸರಿಯೇ ಎಂಬುದನ್ನು ವಾದದಿಂದ ನಿರ್ಣಯಿಸುವುದಕ್ಕಿಂತ, ಚರಿತ್ರೆಯಲ್ಲಿ ನಡೆದ ಒಂದು ಪ್ರಸಂಗವನ್ನು ಪರಿಶೀಲಿಸುವುದು ಲೇಸು. ಆದುದರಿಂದ ನಾವು ಶ್ರೋತೃಗಳನ್ನು ಇಂಗ್ಲೆಂಡಿನ ನೈಋತ್ಯ ಸಮುದ್ರದ ಕಡೆಗೆ, ಸುಮಾರು ಮುನ್ನೂರು ವರ್ಷಗಳಷ್ಟು ಹಿಂದಕ್ಕೆ, ಕರೆದೊಯ್ಯಲು ಬಯಸುತ್ತೇವೆ.

ಪ್ಲಿಮತ್ ಬಂದರಿನಿಂದ ಸುಮಾರು 14 ಮೈಲಿ ದೂರದಲ್ಲಿ, ನಡುಗಡಲಿನಲ್ಲಿ, ಎಡ್ಡಿಸ್ಟೋನ್ ಎಂಬ ಬಂಡೆಗಳ ಗುಂಪೊಂದುಂಟು. ಭರತದ ಸಮಯದಲ್ಲಿ ಅವು ಬಹುಪಾಲು ನೀರಿನಲ್ಲಿ ಮುಳುಗಿ ಕಣ್ಮರೆಯಾಗುತ್ತವೆ. ಅಟ್ಲಾಂಟಿಕ್ ಸಾಗರದ ಅಲೆಗಳು ಅಡ್ಡಿಯಿಲ್ಲದೆ ಬಂದು ಅವುಗಳ ಮೇಲೆ ಅಪ್ಪಳಿಸುತ್ತವೆ. ಬಂದರಿಗೆ ಬರುತ್ತಿದ್ದ ಎಷ್ಟೋ ಹಡಗುಗಳು ಅಲ್ಲಿ ಒಡೆದುಹೋದವು. ಅಲ್ಲಿ ಒಂದು ದೀಪಸ್ತಂಭವಿರಬೇಕೆಂಬ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಿಲ್ಲುವಂತೆ ಕಟ್ಟುವುದು ಹೇಗೆಂಬುದೇ ಪ್ರಶ್ನೆ.

ಮೊದಲು ಆ ಸಾಹಸಕ್ಕೆ ಕೈಹಾಕಿದವನು ಹೆನ್ರಿ ವಿನ್‌ಸ್ಟನ್ಲಿ. 1698ರಲ್ಲಿ ಅವನ ದೀಪ ಬೆಳಗಿತು. ಮರುವರ್ಷ ಅವನು ಗೋಪುರವನ್ನು ಇನ್ನೂ ದೊಡ್ಡದಾಗಿ ಮಾಡಿ, ಮೊಗಸಾಲೆಗಳನ್ನೂ ಹೊರಚಾಚಿದ ಅಲಂಕಾರಗಳನ್ನೂ ಸೇರಿಸಿದನು. ನಗರದ ನಡುವೆ ನಿಂತಿದ್ದರೆ ಜನರು ಮೆಚ್ಚುತ್ತಿದ್ದಂಥ ಕಟ್ಟಡ ಅದು. ಎಂಥ ಭಾರಿ ಬಿರುಗಾಳಿ ಎದ್ದರೂ ತಾನು ಅದರೊಳಗೇ ಇರಬೇಕೆಂದು ಅವನು ಹೇಳಿಕೊಳ್ಳುತ್ತಿದ್ದನೆಂದು ಪ್ರತೀತಿ. 1703ರ ನವೆಂಬರಿನಲ್ಲಿ ಇಂಗ್ಲೆಂಡು ಕಂಡರಿಯದ ಬಿರುಗಾಳಿ ಎದ್ದಾಗ ಅವನು ಅಲ್ಲಿಯೇ ಇದ್ದನು. ಬೆಳಗಾಗುವ ಹೊತ್ತಿಗೆ ಗೋಪುರವೂ ಇರಲಿಲ್ಲ, ಅದನ್ನು ಕಟ್ಟಿದವನೂ ಇರಲಿಲ್ಲ.

ಎರಡನೆಯ ಗೋಪುರವನ್ನು ಕಟ್ಟಿಸಿದವನು ಲಂಡನ್ನಿನ ರೇಷ್ಮೆ ವ್ಯಾಪಾರಿಯಾದ ಜಾನ್ ರಡ್ಯರ್ಡ್. ಅವನು ಹಡಗು ಕಟ್ಟುವವರ ಸಹಾಯ ಪಡೆದು, 1709ರಲ್ಲಿ, ಬಹುಮಟ್ಟಿಗೆ ಮರದಿಂದ, ನುಣುಪಾದ ದುಂಡು ಗೋಪುರವೊಂದನ್ನು ಪೂರ್ತಿಗೊಳಿಸಿದನು. ಗಾಳಿಗೂ ಅಲೆಗೂ ಹಿಡಿತ ಸಿಕ್ಕುವಂಥ ಚಾಚು ಅದರಲ್ಲಿರಲಿಲ್ಲ. ನಲವತ್ತಾರು ವರ್ಷ ಅದು ಸಮುದ್ರವನ್ನು ಗೆದ್ದು ನಿಂತು, 1755ರ ಡಿಸೆಂಬರ್ ತಿಂಗಳ ಒಂದು ರಾತ್ರಿ ಬೆಂಕಿಗೆ ಸೋತಿತು. ಅಂದು ಕಾವಲಿದ್ದವನು ಹೆನ್ರಿ ಹಾಲ್ ಎಂಬ ಮುದುಕ. ವಯಸ್ಸು 94 ಎಂದು ದಾಖಲೆ ಹೇಳುತ್ತದೆ. ಅವನು ಬಕೀಟಿನಿಂದ ನೀರೆರಚಿ ಬೆಂಕಿಯನ್ನಾರಿಸಲು ಹೆಣಗುತ್ತಿದ್ದಾಗ ಮೇಲ್ಛಾವಣಿಯ ಸೀಸ ಕರಗಿ ಅವನ ಮೇಲೆ ಸುರಿಯಿತು. ದಡ ಸೇರಿದ ಮೇಲೆ, ಸೀಸ ತನ್ನ ಗಂಟಲೊಳಗೂ ಇಳಿದಿದೆಯೆಂದು ಅವನು ವೈದ್ಯನಿಗೆ ಹೇಳಿದನು. ಯಾರೂ ನಂಬಲಿಲ್ಲ. ಹನ್ನೆರಡನೆಯ ದಿನ ಅವನು ತೀರಿಕೊಂಡನು. ವೈದ್ಯನು ಶವವನ್ನು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಏಳು ಔನ್ಸಿಗೂ ಮಿಕ್ಕಿ ತೂಗುವ ಸೀಸದ ತುಂಡು ಸಿಕ್ಕಿತು. ವೈದ್ಯನು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ ಅಲ್ಲಿಯ ಪಂಡಿತರೂ ಮೊದಲು ನಂಬಲಿಲ್ಲ. ಕಣ್ಣಾರೆ ಕಂಡವನ ಮಾತಿಗೆ ಕಿವಿಗೊಡುವುದೂ ಅವಲೋಕನದ ಒಂದು ಭಾಗ. ಹೇಳುವವನು ಬಡ ಕಾವಲುಗಾರನಾದರೆ ಆ ಭಾಗವನ್ನು ನಾವು ಬಹು ಸುಲಭವಾಗಿ ಮರೆತುಬಿಡುತ್ತೇವೆ.

ಮೂರನೆಯ ಗೋಪುರದ ಕೆಲಸ ಜಾನ್ ಸ್ಮೀಟನ್ನನ ಪಾಲಿಗೆ ಬಂದಿತು. 1724ರಲ್ಲಿ ಲೀಡ್ಸ್ ನಗರದ ಹತ್ತಿರ ಹುಟ್ಟಿದ ಈತನನ್ನು ವಕೀಲನಾದ ತಂದೆ ಕಾನೂನು ಕಲಿಯಲು ಲಂಡನ್ನಿಗೆ ಕಳುಹಿಸಿದ್ದನು. ಮಗನ ಮನಸ್ಸು ಕೈಗೆಲಸದಲ್ಲಿತ್ತು. ಅವನು ಕಾನೂನನ್ನು ಬಿಟ್ಟು, ಶಾಸ್ತ್ರೀಯ ಉಪಕರಣಗಳನ್ನು ತಯಾರಿಸುವ ವೃತ್ತಿಯನ್ನು ಹಿಡಿದನು. ದೀಪಸ್ತಂಭವನ್ನು ಅವನು ಅದುವರೆಗೆ ಕಟ್ಟಿದವನೇ ಅಲ್ಲ. ಆದರೂ ರಾಯಲ್ ಸೊಸೈಟಿಯ ಅಧ್ಯಕ್ಷರು ಅವನ ಹೆಸರನ್ನೇ ಸೂಚಿಸಿದರು. ಇದಕ್ಕೆ ಕಾರಣ ಅವನಿಗಿದ್ದ ಒಂದು ಅಭ್ಯಾಸ.

ಆ ಅಭ್ಯಾಸವೇನೆಂಬುದನ್ನು ಅವನು ಅದಕ್ಕೆ ಮೊದಲೇ ನಡೆಸಿದ್ದ ಇನ್ನೊಂದು ಕೆಲಸದಿಂದ ತಿಳಿಯಬಹುದು. ಹಿಟ್ಟಿನ ಗಿರಣಿಗಳನ್ನು ತಿರುಗಿಸುವ ನೀರಿನ ಚಕ್ರಗಳಲ್ಲಿ ಎರಡು ಬಗೆ: ಕೆಳಗೆ ಹರಿಯುವ ನೀರು ನೂಕುವ ಚಕ್ರ ಒಂದು, ಮೇಲಿನಿಂದ ಸುರಿಯುವ ನೀರಿನ ಭಾರದಿಂದ ತಿರುಗುವ ಚಕ್ರ ಇನ್ನೊಂದು. ಇವುಗಳ ಶಕ್ತಿಯ ವಿಷಯದಲ್ಲಿ ಗಣಿತಜ್ಞರು ಲೆಕ್ಕ ಹಾಕಿ ಹೇಳಿದ ಮಾತುಗಳನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಸ್ಮೀಟನ್ನನು 1752 ಮತ್ತು 1753ರಲ್ಲಿ ಸುಮಾರು ಎರಡಡಿ ಅಡ್ಡಳತೆಯ ಚಕ್ರವೊಂದನ್ನು ಮಾಡಿ, ನೀರನ್ನು ಹರಿಸಿ, ಅದು ಎಷ್ಟು ತೂಕವನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆಂದು ಅಳೆದನು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು, ಉಳಿದವುಗಳನ್ನು ಹಾಗೆಯೇ ಇರಿಸುವುದು—ಇದೇ ಅವನ ಕ್ರಮ. ಮೇಲಿನಿಂದ ನೀರು ಬೀಳುವ ಚಕ್ರವು ಮತ್ತೊಂದಕ್ಕಿಂತ ಸುಮಾರು ಎರಡರಷ್ಟು ಕೆಲಸ ಮಾಡುತ್ತದೆಂದು ಸಿದ್ಧವಾಯಿತು. ಆದರೂ ಅವನು ಇದನ್ನು ಕೂಡಲೇ ಪ್ರಕಟಿಸಲಿಲ್ಲ. ದೊಡ್ಡ ಗಿರಣಿಗಳಲ್ಲಿ ಪ್ರಯೋಗಿಸಿ ನೋಡಿ, ಆರೇಳು ವರ್ಷ ಕಳೆದು, 1759ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇಟ್ಟನು. ಅದಕ್ಕಾಗಿ ಕೋಪ್ಲಿ ಪದಕವನ್ನೂ ಪಡೆದನು.

ಇಂಥವನು ಎಡ್ಡಿಸ್ಟೋನಿಗೆ ಬಂದಾಗ ಮೊದಲು ಕೇಳಿದ ಪ್ರಶ್ನೆ, ಹಿಂದಿನವು ಏಕೆ ಬಿದ್ದವು ಎಂಬುದು. ವಿನ್‌ಸ್ಟನ್ಲಿಯ ಗೋಪುರದ ಚಾಚುಗಳು ಗಾಳಿಗೆ ಹಿಡಿತ ಕೊಟ್ಟವೆಂಬುದನ್ನು ಅವನು ಗಮನಿಸಿದನು. ರಡ್ಯರ್ಡನ ದುಂಡಾದ ರೂಪವನ್ನು ಮೆಚ್ಚಿದನು; ಅದರ ಮರವನ್ನು ಬಿಟ್ಟನು. ಅಂಥ ಸ್ಥಳಕ್ಕೆ ಬಾಗಿ ಬಳುಕುವ ಮರವೇ ತಕ್ಕದ್ದೆಂಬ ಅಭಿಪ್ರಾಯ ಆಗ ಪ್ರಬಲವಾಗಿತ್ತು. ಸ್ಮೀಟನ್ನನು, ಕಟ್ಟಡಕ್ಕೆ ಭಾರವೇ ರಕ್ಷೆ, ಆದುದರಿಂದ ಕಲ್ಲೇ ಬೇಕು, ಎಂದು ನಿಶ್ಚಯಿಸಿದನು.

1756ರ ವಸಂತದಲ್ಲಿ ಅವನು ಬಂಡೆಯನ್ನು ನೋಡಲು ಹೊರಟನು. ಮೊದಲ ಸಲ ಅಲೆಗಳ ದೆಸೆಯಿಂದ ಕಾಲೂರಲಾಗದೆ ಹಿಂತಿರುಗಬೇಕಾಯಿತು. ಕೆಲವು ದಿನಗಳ ಮೇಲೆ ಇಳಿದಾಗ ದೊರೆತದ್ದು ಎರಡು ಗಂಟೆಗಳಿಗೆ ಸ್ವಲ್ಪ ಮೇಲ್ಪಟ್ಟ ಕಾಲ. ಮತ್ತೆ ಮತ್ತೆ ಹೋಗಿ, ಇಳಿಜಾರಾದ ಆ ಬಂಡೆಯ ಏರುತಗ್ಗುಗಳನ್ನು ಅಳೆದು ತಂದು, ಬಂಡೆಯ ಮಾದರಿಯನ್ನೂ ಗೋಪುರದ ಮಾದರಿಯನ್ನೂ ತನ್ನ ಕೈಯಿಂದಲೇ ಮಾಡಿದನು. ಕೂಲಿಯವರಿಂದ ಮಾಡಿಸಬಹುದಾಗಿದ್ದ ಕೆಲಸ ಅದು. ಆದರೆ ಕೈಯಿಂದ ಮಾಡುವಾಗ ಕಣ್ಣಿಗೆ ತಪ್ಪಿದ್ದು ಬೆರಳಿಗೆ ತಿಳಿಯುತ್ತದೆಂಬುದನ್ನು ಉಪಕರಣಗಳನ್ನು ಮಾಡಿ ಬದುಕಿದ್ದ ಅವನು ಬಲ್ಲವನಾಗಿದ್ದನು.

ಗೋಪುರದ ಆಕಾರ ಅವನಿಗೆ ಹೊಳೆದದ್ದು ಓಕ್ ಮರದ ಕಾಂಡದಿಂದ. ಬುಡದಲ್ಲಿ ಅಗಲವಾಗಿ ಹರಡಿ, ಬಾಗಿದ ರೇಖೆಯಲ್ಲಿ ಮೇಲೇರಿ ಸಣ್ಣದಾಗುವ ಆ ಕಾಂಡ, ದೊಡ್ಡ ಗಾಳಿಗೂ ಬೇರು ಕಿತ್ತು ಬೀಳುವುದು ಅಪರೂಪವೆಂಬುದನ್ನು ಅವನು ವಿಚಾರಮಾಡಿದನು. ಕಲ್ಲುಗಳನ್ನು ಕೂಡಿಸುವ ಕ್ರಮಕ್ಕೆ ಸೂಚನೆ ಸಿಕ್ಕಿದ್ದು ಲಂಡನ್ನಿನ ಬೀದಿಗಳಲ್ಲಿ, ಕಾಲುದಾರಿಯ ಅಂಚಿಗೆ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೂಡಿಸಿದ್ದ ಕಲ್ಲುಗಳಲ್ಲಿ. ನಮ್ಮ ಬಡಗಿಗಳು ಪೆಟ್ಟಿಗೆಯ ಮೂಲೆಯನ್ನು ಹಲ್ಲಿಗೆ ಹಲ್ಲು ಸೇರಿಸಿ ಕೂಡಿಸುವಂತೆ, ಒಂದೊಂದು ವರಸೆಯ ಕಲ್ಲುಗಳನ್ನೂ ಪರಸ್ಪರ ಕಚ್ಚಿಸಿ, ತಳದ ವರಸೆಗಳನ್ನು ಬಂಡೆಯಲ್ಲಿಯೇ ಕೊರೆದ ಮೆಟ್ಟಿಲುಗಳೊಳಕ್ಕೆ ಸೇರಿಸಲು ಅವನು ಯೋಜಿಸಿದನು. ಆ ಮರವನ್ನೂ ಆ ಕಾಲುದಾರಿಯನ್ನೂ ದಿನವೂ ನೋಡುತ್ತಿದ್ದವರು ಸಹಸ್ರಾರು ಜನ. ಮನಸ್ಸಿನಲ್ಲಿ ಪ್ರಶ್ನೆಯೊಂದನ್ನು ಇಟ್ಟುಕೊಂಡು ನೋಡಿದವನಿಗೆ ಮಾತ್ರ ಅವು ಉತ್ತರ ಕೊಟ್ಟವು.

ಕಲ್ಲು ದೊರೆತರೂ ಗಾರೆಯ ಪ್ರಶ್ನೆ ಉಳಿಯಿತು. ಸಾಧಾರಣ ಸುಣ್ಣದ ಗಾರೆ ನೀರಿನೊಳಗೆ ಗಟ್ಟಿಯಾಗುವುದಿಲ್ಲ. ಬೆಳ್ಳಗೆ ಗಟ್ಟಿಯಾಗಿರುವ ಸುಣ್ಣಕಲ್ಲಿನಿಂದ ಗಟ್ಟಿ ಗಾರೆ ಬರುತ್ತದೆಂಬುದು ಹಿಂದಿನಿಂದ ನಡೆದುಬಂದ ನಂಬಿಕೆ. ಸ್ಮೀಟನ್ನನು ಬೇರೆ ಬೇರೆ ಊರುಗಳ ಸುಣ್ಣಗಳನ್ನು ತರಿಸಿ, ಗಾರೆ ಕಲಸಿ, ಉಂಡೆ ಕಟ್ಟಿ, ನೀರಿನಲ್ಲಿ ಮುಳುಗಿಸಿಟ್ಟು ನೋಡಿದನು. ವೇಲ್ಸಿನ ಅಬರ್ಥಾ ಎಂಬಲ್ಲಿಯ ನೀಲಿಛಾಯೆಯ ಕಲ್ಲಿನ ಸುಣ್ಣ ನೀರಿನಲ್ಲಿಯೂ ಗಟ್ಟಿಯಾಯಿತು. ಅಷ್ಟಕ್ಕೇ ತೃಪ್ತನಾಗದೆ ಅವನು ಕಾರಣವನ್ನು ಹುಡುಕಿದನು. ಪ್ಲಿಮತ್ತಿನಲ್ಲಿ ಅವನಿಗೆ ಆಶ್ರಯವಿತ್ತಿದ್ದ ವಿಲಿಯಂ ಕುಕ್‌ವರ್ದಿ ಎಂಬ ಔಷಧವ್ಯಾಪಾರಿಯಿಂದ ಕಲ್ಲನ್ನು ಆಮ್ಲದಲ್ಲಿ ಕರಗಿಸುವ ವಿಧಾನವನ್ನು ಕಲಿತನು. ಒಳ್ಳೆಯ ಕಲ್ಲು ಕರಗಿದ ಮೇಲೆ ತಳದಲ್ಲಿ ಜೇಡಿಮಣ್ಣು ಉಳಿಯುತ್ತಿತ್ತು. ಎಲ್ಲರೂ ಕಲ್ಮಷವೆಂದು ತಿಳಿದಿದ್ದ ಆ ಮಣ್ಣೇ ನೀರಿನಲ್ಲಿ ಗಟ್ಟಿಯಾಗುವ ಗುಣಕ್ಕೆ ಕಾರಣವೆಂದು ಹೀಗೆ ಗೊತ್ತಾಯಿತು. ಈ ಸುಣ್ಣಕ್ಕೆ ಇಟಲಿಯಿಂದ ಬಂದ ಜ್ವಾಲಾಮುಖಿಯ ಮಣ್ಣನ್ನು ಬೆರೆಸಿ ಅವನು ತನ್ನ ಗಾರೆಯನ್ನು ಸಿದ್ಧಪಡಿಸಿದನು.

ಮೈಸೂರಿನವರಾದ ನಮಗೆ ಈ ಮಾತು ತೀರ ಅಪರಿಚಿತವಲ್ಲ. ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿಯೆಂದರೆ ಇಟ್ಟಿಗೆಯ ಪುಡಿ, ಅರ್ಥಾತ್ ಸುಟ್ಟ ಜೇಡಿಮಣ್ಣು. ಇಟಲಿಯಲ್ಲಿ ಜ್ವಾಲಾಮುಖಿ ಮಾಡಿಕೊಟ್ಟ ಕೆಲಸವನ್ನು ನಮ್ಮಲ್ಲಿ ಇಟ್ಟಿಗೆಯ ಗೂಡು ಮಾಡಿಕೊಟ್ಟಿತು. ನಮ್ಮ ಗಾರೆಗೆಲಸದವರು ಅನುಭವದಿಂದ ಅರಿತಿದ್ದ ಸಂಗತಿಗೂ ಸ್ಮೀಟನ್ನನು ಆಮ್ಲದ ಬಟ್ಟಲಿನಲ್ಲಿ ಕಂಡ ಸಂಗತಿಗೂ ಮೂಲ ಒಂದೇ.

1757ರ ಜೂನ್ 12ರಂದು ಮೊದಲನೆಯ ಕಲ್ಲನ್ನು ಇಡಲಾಯಿತು. 1759ರ ಅಕ್ಟೋಬರ್ 16ರಂದು 24 ಮೇಣದ ಬತ್ತಿಗಳ ದೀಪ ಬೆಳಗಿತು. 1,493 ಕಲ್ಲುಗಳ, 72 ಅಡಿ ಎತ್ತರದ ಆ ಗೋಪುರ ಕಡಲ ನಡುವೆ ಕಟ್ಟುವವರಿಗೆಲ್ಲ ಮಾದರಿಯಾಯಿತು. ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಬಿರುಗಾಳಿ ಬೀಸಿದ ಮರುದಿನ ಸ್ಮೀಟನ್ನನು ಪ್ಲಿಮತ್ತಿನ ದಿಬ್ಬವನ್ನೇರಿ, ದುರ್ಬೀನು ಹಿಡಿದು, ತನ್ನ ಕಟ್ಟಡ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದನಂತೆ. ಅಷ್ಟೆಲ್ಲ ಪರೀಕ್ಷೆಗಳನ್ನು ಮಾಡಿದ್ದವನಿಗೂ ನೋಡುವ ಕೆಲಸ ಮುಗಿಯಿತೆಂಬ ಭಾವನೆ ಬರಲಿಲ್ಲ. ತಾನು ಕಂಡದ್ದನ್ನೂ ತಪ್ಪಿದ್ದನ್ನೂ ಬರೆದಿಟ್ಟು, 1791ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿ, ಮರುವರ್ಷ ಅವನು ಕಾಲವಾದನು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಕೇವಲ ಪ್ರಶಂಸೆಯಾಗುತ್ತಿತ್ತು. ನೂರು ವರ್ಷಗಳಿಗೂ ಮೇಲ್ಪಟ್ಟು ನಿಂತ ಮೇಲೆ, ದೊಡ್ಡ ಅಲೆ ಬಡಿದಾಗಲೆಲ್ಲ ಗೋಪುರ ನಡುಗುತ್ತಿದೆಯೆಂದು ತಿಳಿದುಬಂದಿತು. ಪರೀಕ್ಷಿಸಿದಾಗ ಗೋಪುರದಲ್ಲಿ ದೋಷ ಕಾಣಲಿಲ್ಲ. ಅದನ್ನು ಹೊತ್ತ ಬಂಡೆಯನ್ನೇ ಸಮುದ್ರವು ಕೆಳಗಿನಿಂದ ಕೊರೆಯುತ್ತಿತ್ತು. 1882ರಲ್ಲಿ ಪಕ್ಕದ ಬಂಡೆಯ ಮೇಲೆ ಜೇಮ್ಸ್ ಡಗ್ಲಸ್ ಕಟ್ಟಿದ ಹೊಸ ದೀಪಸ್ತಂಭ ಬೆಳಗಿತು. ಸ್ಮೀಟನ್ನನ ಗೋಪುರದ ಮೇಲ್ಭಾಗವನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಪ್ಲಿಮತ್ತಿನ ದಿಬ್ಬದ ಮೇಲೆ ಮತ್ತೆ ನಿಲ್ಲಿಸಿದರು. ಬುಡದ ಭಾಗ ಕಡಲಿನಲ್ಲಿಯೇ ಉಳಿದು ಈಗಲೂ ನಿಂತಿದೆ.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದದ್ದೇನು? ನೋಡುವ ಶಕ್ತಿ ಅಭ್ಯಾಸದಿಂದ ಬರುತ್ತದೆ, ಅಭ್ಯಾಸಕ್ಕೆ ಮೆಟ್ಟಿಲುಗಳುಂಟು. ಹಿಂದಿನವರ ಸೋಲನ್ನು ಹಾಸ್ಯಮಾಡದೆ ಓದುವುದು, ಸ್ಥಳಕ್ಕೆ ಒಂದು ಸಲವಲ್ಲ, ಹಲವು ಸಲ ಹೋಗುವುದು, ಕೆಲಸ ಬಲ್ಲವನು ಔಷಧವ್ಯಾಪಾರಿಯಾದರೂ ಕಾವಲುಗಾರನಾದರೂ ಅವನನ್ನು ಕೇಳುವುದು, ಎಲ್ಲರೂ ಒಪ್ಪಿದ ನಂಬಿಕೆಯನ್ನು ಸಣ್ಣ ಮಾದರಿಯಲ್ಲಿ ಪರೀಕ್ಷಿಸುವುದು, ಕಂಡದ್ದನ್ನು ಬರೆದಿಡುವುದು. ಇವುಗಳಲ್ಲಿ ಯಾವುದಕ್ಕೂ ಅಸಾಧಾರಣ ಪ್ರತಿಭೆ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಮತ್ತು ತನಗೆ ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯ.

ವಿನ್‌ಸ್ಟನ್ಲಿಗೆ ಧೈರ್ಯವಿರಲಿಲ್ಲವೆಂದು ಯಾರೂ ಹೇಳಲಾರರು. ಅವನ ಧೈರ್ಯ ಬೇರೆ ಬಗೆಯದು. ಸಮುದ್ರವನ್ನು ಎದುರಿಸುವುದು ಒಂದು ಧೈರ್ಯವಾದರೆ, ಸಮುದ್ರವನ್ನು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದಿರುವುದು ಇನ್ನೊಂದು. ನಮ್ಮ ತರುಣರು ನಾಳೆ ಕಟ್ಟೆಗಳನ್ನೂ ಸೇತುವೆಗಳನ್ನೂ ಮನೆಗಳನ್ನೂ ಕಟ್ಟತಕ್ಕವರು. ಅವರು ಕಟ್ಟಿದ್ದರ ಕೆಳಗೆ ಜನರು ಮಲಗತಕ್ಕವರು. ಆದುದರಿಂದ ಅವರ ಕೈಗೆ ಕಾಗದವನ್ನು ಕೊಡುವ ಮುನ್ನ, ಅವರನ್ನು ಒಂದು ದಿನ ಮಳೆಯಲ್ಲಿ ನಿವೇಶನದ ಮೇಲೆ ನಿಲ್ಲಿಸಿ, ನೀರು ಎತ್ತ ಹರಿಯುತ್ತದೆಂದು ನೋಡಿ ಬರುವಂತೆ ಹೇಳುವುದು ಒಳ್ಳೆಯದು. ಹೇಳುವ ನಾವೂ ಅವರ ಜೊತೆಯಲ್ಲಿ ಹೋಗಿ ನಿಂತರೆ ಇನ್ನೂ ಒಳ್ಳೆಯದು.