ಕೆರೋಟಿಡ್ ಧಮನಿಯ ರೋಗ: ಪಾರ್ಶ್ವವಾಯು ತಡೆಯುವ ಚಿಕಿತ್ಸೆಗಳು

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಾವು ನೆರೆಯವರ ಬಾಯಲ್ಲಿ ‘ಪಕ್ಷವಾತಂ’ ಎಂದು ಕೇಳುವುದು ಪಾರ್ಶ್ವವಾಯುವನ್ನೇ. ಮಾತು ತೊದಲಿ, ಒಂದು ಕೈ ಸೋತು, ಕೆಲವೇ ನಿಮಿಷಗಳಲ್ಲಿ ಸರಿಹೋದರೆ ಆಯಾಸವೆಂದು ಸುಮ್ಮನಾಗುವುದುಂಟು. ಅದು ಮುನ್ಸೂಚನೆ.

ಮಿದುಳಿಗೆ ರಕ್ತ ಒಯ್ಯುವ ಕೊರಳಿನ ಕೆರೋಟಿಡ್ ಧಮನಿಯಲ್ಲಿ ಕೊಬ್ಬು ಕಟ್ಟಿಕೊಂಡಿರುವುದು ಇದಕ್ಕೊಂದು ಕಾರಣ. ಡಾಪ್ಲರ್ ಸ್ಕ್ಯಾನ್‌ನಿಂದ ಇದು ತಿಳಿಯುತ್ತದೆ.

ಔಷಧಿ: ಆಸ್ಪಿರಿನ್‌ನಂತಹ ಮಾತ್ರೆ, ಸ್ಟ್ಯಾಟಿನ್, ರಕ್ತದೊತ್ತಡ ಹಾಗೂ ಸಕ್ಕರೆಯ ಹತೋಟಿ, ಧೂಮಪಾನ ತ್ಯಾಗ.

ಶಸ್ತ್ರಚಿಕಿತ್ಸೆ: ಧಮನಿಯನ್ನು ತೆರೆದು ಕೊಬ್ಬನ್ನು ತೆಗೆಯುವುದು. ಮುನ್ಸೂಚನೆ ಕಂಡವರಲ್ಲಿ ಧಮನಿ ಶೇ. 70ಕ್ಕೂ ಮಿಗಿಲಾಗಿ ಕಿರಿದಾಗಿದ್ದರೆ ಇದರಿಂದ ಲಾಭವಿದೆಯೆಂದು 1991ರಲ್ಲಿ ಉತ್ತರ ಅಮೆರಿಕದ ಅಧ್ಯಯನ ತೋರಿಸಿತು. ಎರಡು ವಾರಗಳೊಳಗೆ ಮಾಡಿದರೆ ಫಲ ಹೆಚ್ಚು.

ಸ್ಟೆಂಟ್: ಶಸ್ತ್ರಚಿಕಿತ್ಸೆ ಕಠಿಣವಾದವರಿಗೆ ಇನ್ನೊಂದು ದಾರಿ, 70 ವರ್ಷ ದಾಟಿದವರಲ್ಲಿ ಅಪಾಯ ತುಸು ಹೆಚ್ಚು.

ಲಕ್ಷಣ ಮಾಯವಾದರೂ ಉಪೇಕ್ಷಿಸದೆ ಕೂಡಲೇ 108ಕ್ಕೆ ಕರೆ ಮಾಡಬೇಕೆಂದು ವಿನಂತಿಸುತ್ತೇವೆ.